ನೆರಳುಪಡೆಯಲ್ಲಿ ನನ್ನ ಸೇವಾವಧಿ

ಎತ್ತರವಾಗಿರುವವನು ಧೈರ್ಯವಂತನೂ ಆಗಿರುತ್ತಾನೆ ಎಂಬ ನಂಬಿಕೆ ಎಲ್ಲಿ ಹುಟ್ಟಿತೋ ನನಗೆ ತಿಳಿಯದು. ಹುಟ್ಟಿಸಿದವನು ಖಂಡಿತ ಗಿಡ್ಡನಿರಬೇಕು. ನಾನು ಆರಡಿ ಎರಡಂಗುಲ ಇದ್ದೇನೆ. ಇದರಿಂದ ಈವರೆಗೆ ನನಗಾದ ಲಾಭವೆಂದರೆ ನೆರೆಕರೆಯ ಎಲ್ಲ ಮನೆಗಳ ಟ್ಯೂಬ್‌ಲೈಟುಗಳ ಪರಿಚಯ. ನಷ್ಟಗಳನ್ನು ಹೇಳಹೊರಟರೆ ಮುಗಿಯುವುದಿಲ್ಲ. ಒಮ್ಮೆ ಸಿಟಿ ಬಸ್ಸಿನಲ್ಲಿ ಒಬ್ಬಾತ ಹೆಂಗಸರ ಸೀಟಿನಲ್ಲಿ ಕೂತು ಏಳಲೊಲ್ಲೆ ಎಂದು ಜಗಳ ಮಾಡುತ್ತಿದ್ದ. ವಯಸ್ಸಾದ ಹೆಂಗಸೊಬ್ಬರು ಇಡೀ ಬಸ್ಸನ್ನು ಒಮ್ಮೆ ನೋಡಿ, ನನ್ನನ್ನು ಆರಿಸಿ, "ನೀವಾದರೂ ಸ್ವಲ್ಪ ಹೇಳಿ ಮಾರಾಯ್ರೆ" ಎಂದರು. ನಾನು ಅವನ ಬಳಿ ಹೋಗಿ, ಬಾಗಿ, ಗಂಟೆ ಎಷ್ಟಾಯಿತು ಎಂದು ಕೇಳಿದೆ. ಅವನು ಹೇಳಿದ. ನಾನು ಮುಂದಿನ ಸ್ಟಾಪಿನಲ್ಲಿ ಇಳಿದೆ. ಅದು ನನ್ನ ಸ್ಟಾಪಲ್ಲ. ಉರ್ವ ಮಾರ್ಕೆಟ್ಟಿನ ಹತ್ತಿರದ ನಮ್ಮ ಓಣಿಯಲ್ಲಿ ಮೂರು ನಾಯಿಗಳಿವೆ. ಅಲ್ಲಿ ನಡೆಯುವಾಗ ನನ್ನ ಹೆಂಡತಿ ಸುಜಾತ ಮುಂದೆ, ನಾನು ಹಿಂದೆ. ಅವಳು ಐದಡಿಯೂ ಇಲ್ಲ. ನಾಯಿಗಳಿಗೆ ಈ ನಂಬಿಕೆಯ ವಿಷಯ ಯಾರೂ ಹೇಳಿದಂತಿಲ್ಲ.

ಇಂಥ ನನ್ನನ್ನು ಹೋದ ವರ್ಷ ನಮ್ಮ ಆಫೀಸಿನವರು ಬ್ರಹ್ಮಾಂಡದ ಅತ್ಯಂತ ಭಯಂಕರವಾದ ಅಂಗರಕ್ಷಕ ಪಡೆಗೆ ನಾಯಕನನ್ನಾಗಿ ಮಾಡಿದರು. ನಮ್ಮದು ವಿಮಾ ಆಫೀಸು. ವರ್ಷಕ್ಕೊಮ್ಮೆ ಎಲ್ಲ ಶಾಖೆಗಳ ನೌಕರರಿಗೆ ನಾಟಕ ಸ್ಪರ್ಧೆ ಇರುತ್ತದೆ. ಪ್ರತಿ ಸಲವೂ ನಾವು ಮದುವೆ ಮುರಿದು ಮತ್ತೆ ಕೂಡುವ ಒಂದೇ ಸಾಮಾಜಿಕ ನಾಟಕವನ್ನು ಹೆಸರು ಬದಲಿಸಿ ಆಡಿ, ಕೊನೆಯ ಸ್ಥಾನ ಪಡೆದು, ಊಟ ಮಾಡಿ ಬರುತ್ತಿದ್ದೆವು. ಕಳೆದ ಸಲ ಸುರತ್ಕಲ್ಲಿನಿಂದ ಬರುವ ರೇಷ್ಮಾ ಎಂಬ ಹೊಸ ಹುಡುಗಿ, ಕ್ಲೈಮ್ ವಿಭಾಗದವಳು, ತಾನೇ ಒಂದು ನಾಟಕ ಬರೆದು ತಂದಳು. ವಿಜ್ಞಾನ ನಾಟಕ. ಕಾಲ ಕ್ರಿಸ್ತಶಕ ಮೂರು ಸಾವಿರದ ಆಚೆ. ಸ್ಥಳ ಏಳು ಚಂದ್ರರಿರುವ ಒಂದು ಗ್ರಹ. ಅದನ್ನು ಆಳುವ ಮಹಾಪಾಲಕನನ್ನು ಕೊಲ್ಲಲು ಎಲ್ಲ ಗ್ರಹಗಳಿಂದಲೂ ಜನ ಬರುತ್ತಿರುತ್ತಾರೆ. ಅವನನ್ನು ಕಾಯುವುದು ನೆರಳುಪಡೆ.

ನೆರಳುಪಡೆಯ ಅರ್ಹತೆಗಳನ್ನು ರೇಷ್ಮಾ ನಮಗೆ ಓದಿ ಹೇಳಿದಳು. ಇವರನ್ನು ಕೋಟಿ ಮಕ್ಕಳಲ್ಲಿ ಒಬ್ಬರಂತೆ ಐದನೆಯ ವಯಸ್ಸಿನಲ್ಲೇ ಆರಿಸುತ್ತಾರೆ. ಇವರ ಎದೆಯಲ್ಲಿ ಎರಡು ಹೃದಯಗಳನ್ನು ಇಟ್ಟಿರುತ್ತಾರೆ, ಒಂದು ನಿಂತರೂ ಇನ್ನೊಂದು ಕೆಲಸ ಮಾಡಲಿ ಎಂದು. ಇವರು ನಿದ್ರಿಸುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ಮಾತಾಡುವುದಿಲ್ಲ. ಕೊನೆಯ ಗುಣ ಕೇಳಿ ನಮಗೆಲ್ಲ ಸಂತೋಷವಾಯಿತು. ಮಾತು ಬಾಯಿಪಾಠ ಮಾಡಲು ಆಗದ ಆರು ಜನ ತಕ್ಷಣ ಪಡೆಗೆ ಸೇರಿದೆವು. ಆರು ಜನರಲ್ಲಿ ಇಬ್ಬರಿಗೆ ಮಂಡಿನೋವು, ಒಬ್ಬರಿಗೆ ಇರುವ ಒಂದೇ ಹೃದಯದಲ್ಲಿ ಈಗಾಗಲೇ ಸ್ಟೆಂಟು. ನಿದ್ರಿಸುವುದಿಲ್ಲ ಎಂಬ ವಿಚಾರದಲ್ಲಿ, ಮಧ್ಯಾಹ್ನ ಎರಡರ ಮೇಲೆ ನಮ್ಮ ರೆಕಾರ್ಡ್ ರೂಮಿಗೆ ಬಂದವರು ಯಾರೂ ನಮ್ಮ ಪರವಾಗಿ ಸಾಕ್ಷಿ ಹೇಳಲಾರರು. ನಾಯಕ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಲೆಯೆತ್ತಿ ನನ್ನನ್ನು ನೋಡಿದರು.

ಮಹಾಪಾಲಕನ ಪಾತ್ರಕ್ಕೆ ನಮ್ಮ ಮ್ಯಾನೇಜರ್ ವಾಮನ ರಾವ್. ಅವರನ್ನು ಯಾರೂ ಕೇಳಿರಲಿಲ್ಲ. ಮೂರು ತಿಂಗಳಲ್ಲಿ ನಿವೃತ್ತರಾಗಲಿದ್ದ ಆ ಬಿಗಿಮುಖದ ಮನುಷ್ಯ ಒಂದು ಸಂಜೆ ರೇಷ್ಮಾಳ ಮೇಜಿನ ಹತ್ತಿರ ಬಂದು, ಒಂದು ಫೈಲನ್ನು ಸುಮ್ಮನೆ ತೆರೆದು ಮುಚ್ಚಿ, "ನಿಮ್ಮ ನಾಟಕದಲ್ಲಿ ವಯಸ್ಸಾದವರಿಗೆ ಎಂತಾದ್ರೂ ಉಂಟಾ?" ಎಂದು ಕೇಳಿದರಂತೆ. ಶಾಲೆಯಲ್ಲಿದ್ದಾಗ ಒಮ್ಮೆ ಬಣ್ಣ ಹಚ್ಚಿದ್ದರಂತೆ. ಆಮೇಲೆ ನಲವತ್ತು ವರ್ಷ ಸಹಿ ಹಾಕುವುದರಲ್ಲೇ ಹೋಯಿತಂತೆ. ಹಾಗೆ ಕೇಳಿದವರಿಗೆ ಚಿಕ್ಕ ಪಾತ್ರ ಕೊಡಲು ರೇಷ್ಮಾಳಿಗೆ ಮನಸ್ಸು ಬರಲಿಲ್ಲ, ಇಡೀ ಗ್ರಹವನ್ನೇ ಕೊಟ್ಟಳು.

ತೊಂದರೆ ಇದ್ದದ್ದು ಅವರ ಕನ್ನಡಕದಲ್ಲಿ. ಅದರ ಗಾಜು ಸೋಡಾ ಬಾಟಲಿಯ ಬುಡದಷ್ಟು ದಪ್ಪ. ಮೂರು ಸಾವಿರನೇ ಇಸವಿಯಲ್ಲಿ ಕನ್ನಡಕ ಇರುವುದಿಲ್ಲ ಎಂದು ರೇಷ್ಮಾ ಹೆದರುತ್ತ ಹೇಳಿದಳು. ರಾಯರು ಕೂಡಲೇ ಅದನ್ನು ತೆಗೆದು ಜೇಬಿಗೆ ಹಾಕಿ, "ಅದೆಲ್ಲ ಅಭ್ಯಾಸ ಆಗ್ತದೆ" ಎಂದರು. ಅಭ್ಯಾಸದ ಮೊದಲ ದಿನ ಅವರು ಸಿಂಹಾಸನದಿಂದೆದ್ದು, ಮೂಲೆಯಲ್ಲಿದ್ದ ಸ್ಟ್ಯಾಂಡ್ ಫ್ಯಾನಿನತ್ತ ಬೆರಳು ತೋರಿಸಿ, "ಸೇನಾಪತಿ, ಗಡಿಯ ಎಲ್ಲ ನೌಕೆಗಳನ್ನು ಹಿಂದಕ್ಕೆ ಕರೆ" ಎಂದು ಗಂಭೀರವಾಗಿ ಆಜ್ಞಾಪಿಸಿದರು. ಫ್ಯಾನು ಆ ಕಡೆ ಈ ಕಡೆ ತಲೆಯಾಡಿಸಿ ಒಪ್ಪಲಿಲ್ಲ. ಮ್ಯಾನೇಜರಿಗೆ ಎದುರಾಡಿದ್ದು ನಮ್ಮ ಶಾಖೆಯಲ್ಲಿ ಅದೊಂದೇ.

ವೇಷದ ಜವಾಬ್ದಾರಿಯನ್ನು ನಾನು ಸುಜಾತಳ ಮೇಲೆ ಹಾಕಿದೆ. ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಾಳೆ. ಯೋಗ ಮಾಡುವ ಚಾಪೆಗಳನ್ನು ಕತ್ತರಿಸಿ ಆರು ಎದೆಕವಚ, ಮಿಂಚುವ ಬಟ್ಟೆಯಲ್ಲಿ ಆರು ಗಿಡ್ಡ ನಿಲುವಂಗಿ, ಮಹಾಪಾಲಕನಿಗೆ ಮತ್ತು ಕೊಲೆಗಡುಕನಿಗೆ ನೆಲ ಮುಟ್ಟುವ ಎರಡು ಉದ್ದ ನಿಲುವಂಗಿ ಹೊಲಿದಳು. ತಲೆಗೆ ನಮ್ಮ ನಮ್ಮ ಸ್ಕೂಟರಿನ ಹೆಲ್ಮೆಟ್ಟುಗಳೇ. ಅವಕ್ಕೆ ಬೆಳ್ಳಿ ಬಣ್ಣ ಹೊಡೆದು, ಮುಂದಿನ ಗಾಜಿಗೆ ಕಪ್ಪು ಹಾಳೆ ಅಂಟಿಸಲಾಯಿತು. ಏನೂ ಕಾಣುವುದಿಲ್ಲ ಎಂದು ನಾನು ದೂರಿದಾಗ ರೇಷ್ಮಾ, "ನೆರಳುಪಡೆಗೆ ಮುಖ ಇಲ್ಲ ಸಾರ್" ಎಂದಳು. ನಾನು ಕೇಳಿದ್ದು ಕಣ್ಣಿನ ವಿಷಯ.

ನಮಗೆ ತರಬೇತಿ ಕೊಟ್ಟವರು ಆಫೀಸಿನ ಬಾಗಿಲು ಕಾಯುವ ಹಮೀದಾಕ. ಅವರು ಹನ್ನೊಂದು ವರ್ಷ ಗಲ್ಫಿನಲ್ಲಿ ಒಬ್ಬ ದೊಡ್ಡ ಸಾಹುಕಾರನ ಅಂಗರಕ್ಷಕರಾಗಿದ್ದವರು. ನಮ್ಮ ರಿಹರ್ಸಲ್ಲನ್ನು ಎರಡು ದಿನ ಬಾಗಿಲಿನಿಂದಲೇ ನೋಡಿ, ಮೂರನೆಯ ದಿನ ತಡೆಯಲಾರದೆ ಒಳಗೆ ಬಂದರು. "ಸಾರ್, ನೀವೆಲ್ಲ ಮ್ಯಾನೇಜರನ್ನೇ ನೋಡುವುದು ಎಂತಕ್ಕೆ? ಅವರನ್ನು ಕೊಲ್ಲುವವ ಅವರ ಮುಖದಲ್ಲಿ ಇಲ್ಲ. ಹೊರಗೆ ನೋಡಿ. ಜನರ ಮುಖ ನೋಡ್ಬೇಡಿ, ಕೈ ನೋಡಿ. ಮುಖ ನಗ್ತದೆ, ಕೈ ನಗುವುದಿಲ್ಲ." ನಾವು ಆರು ಜನ ಆವತ್ತಿನಿಂದ ಎಲ್ಲರ ಕೈ ನೋಡತೊಡಗಿದೆವು. ಕೌಂಟರಿನಲ್ಲೂ ನೋಡುತ್ತಿದ್ದೆವು. ಗಿರಾಕಿಗಳಿಗೆ ಮುಜುಗರವಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಸಾಹುಕಾರನನ್ನು ಕಾಪಾಡಿದಿರಿ ಎಂದು ನಾನೊಮ್ಮೆ ಕೇಳಿದೆ. "ಒಮ್ಮೆಯೂ ಇಲ್ಲ ಸಾರ್. ಎಂತದೂ ಆಗ್ಲಿಲ್ಲ. ಎಂತದೂ ಆಗದಿದ್ರೆ ಕೆಲಸ ಸರಿ ಆಯ್ತು ಅಂತ ಲೆಕ್ಕ" ಎಂದರು. ಇಂಥ ಕೆಲಸಕ್ಕೆ ನಾನು ತಕ್ಕವನೇ ಅನಿಸಿ ಮೊದಲ ಬಾರಿ ಸ್ವಲ್ಪ ಸಮಾಧಾನವಾಯಿತು.

ಆದರೆ ರೇಷ್ಮಾ ನನಗೆ ಒಂದು ನಿಜವಾದ ಕೆಲಸ ಕೊಟ್ಟಳು. ನಾಟಕದ ಕೊನೆಯಲ್ಲಿ ಏಳನೆಯ ಚಂದ್ರನಿಗೆ ಗ್ರಹಣ ಹಿಡಿಯುತ್ತದೆ. ರಂಗದ ಮೇಲೆ ಪೂರ್ತಿ ಕತ್ತಲೆ. ಆ ಕತ್ತಲೆಯಲ್ಲಿ ಕೊಲೆಗಡುಕ ಹಿಂದಿನಿಂದ ಬಂದು ನಿಲ್ಲಬೇಕು, ಮಹಾಪಾಲಕ ಸಿಂಹಾಸನ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬರಬೇಕು. ಬೆಳಕು ಬಂದ ಕೂಡಲೇ ಕೊಲೆಗಡುಕ ಕಿರಣ ಬಿಡುತ್ತಾನೆ, ನಾನು ಅಡ್ಡ ಬಂದು ಸಾಯುತ್ತೇನೆ. ರಾಯರಿಗೆ ಬೆಳಕಿದ್ದರೇ ದಾರಿ ಕಾಣದು. ರಂಗದ ಎಡಪಕ್ಕದಲ್ಲಿ ಕೆಳಗಿಳಿಯುವ ಐದು ಮೆಟ್ಟಿಲುಗಳಿದ್ದವು, ಅವಕ್ಕೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಆದ್ದರಿಂದ ಕತ್ತಲಾದ ಕೂಡಲೇ ನಾನು ಅವರ ಮೊಣಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. "ಇದೊಂದು ನೀವು ನೋಡ್ಕೊಳ್ಳಿ ಸಾರ್. ಬೇರೆಂತದೂ ಬೇಡ" ಎಂದಳು ರೇಷ್ಮಾ. ರಾಯರು ನನ್ನನ್ನು ಬದಿಗೆ ಕರೆದು, "ಸದಾಶಿವ, ಬೀಳ್ಲಿಕ್ಕೆ ಬಿಡ್ಬೇಡಿ" ಎಂದು ಮೆಲ್ಲಗೆ ಹೇಳಿದರು. ಹದಿನಾರು ವರ್ಷದಲ್ಲಿ ಅವರು ನನ್ನಲ್ಲಿ ಮೆಲ್ಲಗೆ ಮಾತಾಡಿದ್ದು ಅದೇ ಮೊದಲು.

ಸ್ಪರ್ಧೆಯ ದಿನ ಸಂಜೆ ಸಭಾಭವನ ತುಂಬಿತ್ತು. ಮಳೆಗಾಲಕ್ಕೆ ಇನ್ನೂ ತಿಂಗಳಿತ್ತು. ಮಂಗಳೂರಿನ ಆ ಸೆಕೆಯಲ್ಲಿ ಯೋಗದ ಚಾಪೆ ಕಟ್ಟಿಕೊಂಡು ತಲೆಗೆ ಹೆಲ್ಮೆಟ್ ಹಾಕಿ ನಿಲ್ಲುವುದು ಹೇಗಿರುತ್ತದೆಂದರೆ, ಇಡ್ಲಿಗೆ ಬಾಯಿದ್ದರೆ ಅದು ಸರಿಯಾಗಿ ಹೇಳೀತು. ಸುಜಾತ ಸೂಜಿ ದಾರ ಹಿಡಿದು ಎಡಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದಳು, ಎಲ್ಲಾದರೂ ಹರಿದರೆ ಎಂದು. ಅವಳ ಪಕ್ಕದಲ್ಲಿ ಹಮೀದಾಕ. ರಾಯರು ಅದ್ಭುತವಾಗಿ ಮಾಡುತ್ತಿದ್ದರು. ಏನೂ ಕಾಣದಿದ್ದುದರಿಂದ ಅವರ ದೃಷ್ಟಿಗೆ ಒಂದು ದೂರ ಬಂದಿತ್ತು, ನಿಜವಾಗಿ ಏಳು ಚಂದ್ರರನ್ನು ನೋಡುವವರಂತೆ. ಜನ ಕೆಮ್ಮುವುದನ್ನೂ ನಿಲ್ಲಿಸಿದ್ದರು. ನನಗೆ ಅವರ ಬಗ್ಗೆ ಹೆಮ್ಮೆ ಅನಿಸಿದ್ದು ನಿಜ. ಆ ಹೊತ್ತಿಗೆ ನನ್ನ ಉಸಿರಿನಿಂದಲೇ ಹೆಲ್ಮೆಟ್ಟಿನ ಗಾಜು ಮಂಜಾಗಿ, ಇದ್ದಬದ್ದದ್ದೂ ಕಾಣದಂತಾಗಿತ್ತು.

ಗ್ರಹಣ ಹಿಡಿಯಿತು. ನಾನು ಎರಡು ಹೆಜ್ಜೆ ಇಟ್ಟು, ಕೈ ಚಾಚಿ, ಉದ್ದ ನಿಲುವಂಗಿಯೊಳಗಿನ ಒಂದು ಮೊಣಕೈಯನ್ನು ಗಟ್ಟಿಯಾಗಿ ಹಿಡಿದೆ. ಅದು ಕೊಸರಿಕೊಂಡಿತು. ರಾಯರಿಗೆ ಹೆದರಿಕೆಯಾಗಿರಬೇಕು ಎಂದು ಇನ್ನೂ ಗಟ್ಟಿಯಾಗಿ ಹಿಡಿದು, ಬೆನ್ನಿಗೂ ಒಂದು ಕೈ ಕೊಟ್ಟು, ತಾಯಿ ಮಗುವನ್ನು ನಡೆಸುವಂತೆ ಒಂದು, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸುತ್ತ ನಡೆಸಿದೆ. ನಾಲ್ಕನೆಯ ಹೆಜ್ಜೆಯಲ್ಲಿ ಕಿವಿಯ ಹತ್ತಿರ ಒಂದು ಪಿಸುಮಾತು ಬಂತು. "ಬಿಡು ಮಾರಾಯ. ನಾನು ಲ್ಯಾನ್ಸಿ." ಲ್ಯಾನ್ಸಿ ನಮ್ಮ ಕ್ಯಾಷಿಯರ್. ಕೊಲೆಗಡುಕನ ಪಾತ್ರ ಅವನದು.

ಅದೇ ಕ್ಷಣ ಎಡಪಕ್ಕದಿಂದ ಒಂದು ಸದ್ದು ಕೇಳಿತು. ದೊಡ್ಡದಲ್ಲ, ಅಕ್ಕಿಮೂಟೆಯನ್ನು ಮೆಲ್ಲಗೆ ಇಳಿಸಿದಂತೆ. ಹಿಂದೆಯೇ ಒಂದು ಹೆಂಗಸಿನ ಪಿಸುದನಿ. ಮಾತು ತಿಳಿಯಲಿಲ್ಲ, ಆದರೆ ಇಪ್ಪತ್ತೆರಡು ವರ್ಷದಿಂದ ಕೇಳಿದ ದನಿ ಯಾರದೆಂದು ತಿಳಿಯಿತು. ನಾನು ಆಗ ಓಡಬೇಕಿತ್ತು. ಮೆಟ್ಟಿಲು ನನ್ನಿಂದ ಆರೇಳು ಹೆಜ್ಜೆ. ಓದುಗರಲ್ಲಿ ಸುಳ್ಳು ಹೇಳುವುದಿಲ್ಲ, ನಾನು ಓಡಲಿಲ್ಲ. ಓಡಿದರೆ ನಾಟಕ ಕೆಟ್ಟೀತು ಎಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆಗ ಏನೂ ಅಂದುಕೊಂಡಿರಲಿಲ್ಲ. ಕಾಲು ಏಳಲಿಲ್ಲ, ಅಷ್ಟೆ. ಲ್ಯಾನ್ಸಿಯ ಮೊಣಕೈಯನ್ನು ಇನ್ನೂ ಹಿಡಿದೇ ಇದ್ದೆ. ಅದು ಆಸರೆಗೆ.

ಬೆಳಕು ಬಂತು. ಮಹಾಪಾಲಕರು ತಮ್ಮ ಜಾಗದಲ್ಲಿ ಸರಿಯಾಗಿ ನಿಂತಿದ್ದರು. ಕಿರೀಟ ಸ್ವಲ್ಪ ವಾಲಿತ್ತು, ಒಂದು ಮಂಡಿಯ ಮೇಲೆ ಧೂಳಿತ್ತು. ಕೊಲೆಗಡುಕ ನೆರಳುಪಡೆಯ ನಾಯಕನ ಭದ್ರವಾದ ರಕ್ಷಣೆಯಲ್ಲಿದ್ದ. ಲ್ಯಾನ್ಸಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಜಾಗಕ್ಕೆ ನಡೆದುಹೋಗಿ, ತಿರುಗಿ ನಿಂತು ಕಿರಣ ಬಿಟ್ಟ. ಅವನು ನಡೆದುಹೋಗುವಾಗ ಬ್ರಹ್ಮಾಂಡದ ಅತ್ಯಂತ ಭಯಂಕರ ಪಡೆಯ ಉಳಿದ ಐವರು ದಾರಿ ಬಿಟ್ಟುಕೊಟ್ಟರು. ನಾನು ಅಡ್ಡ ಬಂದು ಸತ್ತೆ. ಸಾಯುವುದು ಆ ದಿನ ನನಗೆ ಸುಲಭವಾಗಿತ್ತು.

ಕಷ್ಟವಾದದ್ದು ಆಮೇಲೆ. ರೇಷ್ಮಾ ಬರೆದ ಕೊನೆಯ ಮಾತು ಮಹಾಪಾಲಕನದು, ನನ್ನ ಹೆಣದ ಪಕ್ಕದಲ್ಲಿ ಕುಳಿತು ಹೇಳುವುದು. "ಕತ್ತಲೆಯಲ್ಲಿ ನನ್ನ ಕೈ ಹಿಡಿದವನೇ, ನಿನ್ನ ಹೆಸರನ್ನೂ ನಾನು ಕೇಳಲಿಲ್ಲ" ಎಂದು ಶುರುವಾಗಿ ಅದು ಎರಡು ಪುಟ ಇತ್ತು. ರಿಹರ್ಸಲ್ಲಿನಲ್ಲಿ ಆ ಹೊತ್ತಿಗೆ ನಾನು ಹಾಯಾಗಿ ಕಣ್ಣುಮುಚ್ಚಿ ಮನೆಗೆ ಒಯ್ಯಬೇಕಾದ ತರಕಾರಿ ನೆನೆಸಿಕೊಳ್ಳುತ್ತಿದ್ದೆ. ಈಗ ಒಂದೊಂದು ಶಬ್ದವೂ ಕೇಳಿಸಿತು. ರಾಯರು ನೋಯುವ ಕಾಲನ್ನು ಮಡಚಿ ಕುಳಿತು, ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಮಗೆ ಎರಡನೆಯ ಸ್ಥಾನ ಬಂತು. ನಮ್ಮ ಶಾಖೆಯ ಇತಿಹಾಸದಲ್ಲಿ ಎರಡನೆಯ ಸ್ಥಾನ ಬೇರಾವ ವಿಷಯದಲ್ಲೂ ಬಂದದ್ದಿಲ್ಲ.

ಪರದೆಯ ಹಿಂದೆ ಹಮೀದಾಕ ನನ್ನ ಹೆಲ್ಮೆಟ್ ಕಳಚಲು ನೆರವಾದರು. ಅವರು ಎಲ್ಲ ನೋಡಿದ್ದರು. "ಕೊಲ್ಲುವವನನ್ನೇ ಹಿಡ್ಕೊಂಡ್ರಿ ಸಾರ್. ಅದೂ ಒಂದು ಕ್ರಮವೇ" ಎಂದರು. ಸುಮ್ಮನೆ ಅಂದರೋ, ಸಮಾಧಾನಕ್ಕೆ ಅಂದರೋ ಅವರ ಮುಖದಿಂದ ಗೊತ್ತಾಗಲಿಲ್ಲ.

ನಡೆದದ್ದನ್ನು ಸುಜಾತ ಮನೆಯಲ್ಲಿ ಹೇಳಿದಳು. ನಮ್ಮ ಮನೆಮಾತು ತುಳು. ಕನ್ನಡಕ್ಕೆ ತರುವಾಗ ಸ್ವಲ್ಪ ಮೊನಚು ಹೋಗಿದೆ, ಅದು ನನಗೆ ಅನುಕೂಲವೇ. ರಾಯರು ಕತ್ತಲೆಯಲ್ಲಿ ನನಗಾಗಿ ಸ್ವಲ್ಪ ಹೊತ್ತು ಕಾದು, ಯಾರೂ ಬಾರದ ಕಾರಣ ತಾವೇ ನಡೆದು, ಓರೆಯಾಗಿ ಮೆಟ್ಟಿಲಿನ ಬಾಯಿಗೇ ಬಂದಿದ್ದರು. ಒಂದು ಕಾಲು ಕೆಳಗೆ ಹೋಗಿತ್ತು. ನಿಲುವಂಗಿ ನೆಲಕ್ಕೆ ಉಜ್ಜುವ ಸದ್ದು ಕೇಳಿದ ಇವಳು ಹಿಂದಿನಿಂದ ಹಾರಿ ಅದರ ಕುತ್ತಿಗೆ ಹಿಡಿದು ಎಳೆದಳು. ಅವರು ಮಂಡಿಯೂರಿದರು. ಎಬ್ಬಿಸಿ, ತಿರುಗಿಸಿ, ಅವರ ಜಾಗದಲ್ಲಿ ನಿಲ್ಲಿಸಿ, ಬೆಳಕು ಬರುವ ಮೊದಲು ಪರದೆಯ ಹಿಂದೆ ಸೇರಿಕೊಂಡಳು. "ಕುತ್ತಿಗೆಗೆ ಎರಡು ಹೊಲಿಗೆ ಹಾಕಿದ್ದೆ. ಇಲ್ಲದಿದ್ರೆ ಬಟ್ಟೆ ಮಾತ್ರ ನನ್ನ ಕೈಗೆ ಬರ್ತಿತ್ತು" ಎಂದಳು. ಅವಳ ಬಲಗೈ ಮಣಿಕಟ್ಟು ಉಬ್ಬಿತ್ತು. ಮರುದಿನ ಡಾಕ್ಟರು ಪಟ್ಟಿ ಸುತ್ತಿ, ಒಂದು ತಿಂಗಳು ಹೊಲಿಗೆ ಮಿಷನ್ ಮುಟ್ಟಬಾರದು ಎಂದರು.

ಆಫೀಸಿಗೆ ಹೋದರೆ ರಾಯರು ಕ್ಯಾಬಿನ್ನಿಗೆ ಕರೆದರು. ಬೈಗಳು ತಿನ್ನಲು ಸಿದ್ಧನಾಗಿ ಹೋದೆ. ಅವರು ಕನ್ನಡಕದೊಳಗಿಂದ ನನ್ನನ್ನು ಬಹಳ ಹೊತ್ತು ನೋಡಿ, "ಸದಾಶಿವ, ನಿನ್ನೆ ನಾನು ಬೀಳ್ಬೇಕಿತ್ತು. ಯಾರೋ ಹಿಡಿದು ಎಳೆದರು. ನೀವೇ ಇರ್ಬೇಕು. ಥ್ಯಾಂಕ್ಸ್" ಎಂದರು. ನಾನು ಬಾಯಿ ತೆರೆದೆ. "ಸಾರ್, ಅದು..." ಎಂದೆ. ಅವರು ಕಾದರು. ನನಗೆ ಇಡೀ ಒಂದು ವಾಕ್ಯಕ್ಕೆ ಬೇಕಾದಷ್ಟು ಸಮಯ ಇತ್ತು. "ಅದು ನನ್ನ ಡ್ಯೂಟಿ ಸಾರ್" ಎಂದೆ. ವ್ಯಾಕರಣದ ಪ್ರಕಾರ ಅದು ಸುಳ್ಳಲ್ಲ. ಡ್ಯೂಟಿ ನನ್ನದೇ ಆಗಿತ್ತು, ಮಾಡಿದವರು ಬೇರೆ.

ಸುಜಾತಳಿಗೆ ಇದನ್ನು ಹೇಳಲಿಲ್ಲ. ತಿಂಗಳ ಕೊನೆಗೆ ರಾಯರ ಬೀಳ್ಕೊಡುಗೆ ಸಮಾರಂಭ ಬಂತು. ಹೆಂಡತಿ ಮಕ್ಕಳನ್ನು ಕರೆತರಬೇಕೆಂದು ಕಾಗದದಲ್ಲೇ ಇತ್ತು. ರಾಯರು ಮೈಕಿನ ಮುಂದೆ ನಿಂತು ಎಲ್ಲರನ್ನೂ ನೆನೆದರು. ಕೊನೆಗೆ ನೆರಳುಪಡೆಯ ನಾಯಕನ ಬಗ್ಗೆ ಐದು ನಿಮಿಷ ಮಾತಾಡಿ, ನನ್ನನ್ನು ಮೇಲೆ ಕರೆದು, ತಮಗೆ ಹೊದೆಸಿದ ಶಾಲನ್ನೇ ತೆಗೆದು ನನಗೆ ಹೊದೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಜಾತಳೂ ತಟ್ಟಿದಳು. ಪಟ್ಟಿ ಕಟ್ಟಿದ ಕೈಗೆ ನೋವಾಗದ ಹಾಗೆ, ಮೆಲ್ಲಗೆ. ಊಟದ ಹೊತ್ತಿಗೆ ರಾಯರು ನಮ್ಮ ಮೇಜಿಗೆ ಬಂದು, "ಕೈಗೆ ಎಂತ ಆಯ್ತು?" ಎಂದು ಅವಳನ್ನು ವಿಚಾರಿಸಿದರು.

"ಭಾರದ ಸಾಮಾನು ಒಂದು ಎತ್ತಿದೆ ಸಾರ್" ಎಂದಳು ಸುಜಾತ.

"ಅಂಥದ್ದೆಲ್ಲ ನೀವು ಎತ್ಲಿಕ್ಕೆ ಹೋಗ್ಬೇಡಿ. ಇವರಿಗೆ ಹೇಳಿ. ಇವರ ಕೈ ಗಟ್ಟಿ ಉಂಟು."

"ಆಯ್ತು ಸಾರ್, ಹೇಳ್ತೇನೆ."

ಅವಳು ಹೇಳಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ವಾರ ಅವಳು ಎಡಗೈಯಲ್ಲಿ ಅನ್ನ ಬಡಿಸಿದಳು, ಎಡಗೈಯಲ್ಲಿ ಗುಡಿಸಿದಳು, ಬಂದ ಗಿರಾಕಿಗಳನ್ನು ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದಳು. ಶಾಲು ಕಪಾಟಿನಲ್ಲಿತ್ತು. ಬಟ್ಟೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅದು ನನ್ನನ್ನು ನೋಡುತ್ತಿತ್ತು. ಎಂಟನೆಯ ದಿನ, ಭಾನುವಾರ, "ಹೊರಡು, ರಾಯರ ಮನೆಗೆ ಹೋಗುವ" ಎಂದೆ. ಸೀರೆ ಬದಲಿಸಿ ಬಂದಳು.

ರಾಯರ ಮನೆ ಶಕ್ತಿನಗರದಲ್ಲಿ. ಲುಂಗಿ ಉಟ್ಟು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕೂರಲು ಹೇಳುವ ಮೊದಲೇ ನಾನು ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿಬಿಟ್ಟೆ. ಲ್ಯಾನ್ಸಿಯ ಮೊಣಕೈ, ಏಳದ ಕಾಲು, ಕ್ಯಾಬಿನ್ನಿನಲ್ಲಿ ಮುಗಿಸದ ವಾಕ್ಯ. ರಾಯರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

"ಗೊತ್ತುಂಟು" ಎಂದರು.

ನಾನು ಕೂತೆ.

"ಕಣ್ಣು ಕಾಣುವುದಿಲ್ಲ ಸದಾಶಿವ. ಕಿವಿ ಕೇಳ್ತದೆ. ಕುತ್ತಿಗೆ ಹಿಡಿದು ಎತ್ತಿದವರು ನನ್ನ ಕಿವಿಯಲ್ಲಿ, 'ಏಳಿ, ಏಳಿ, ಮಕ್ಕಳ ಹಾಗೆ ಮಾಡ್ಬೇಡಿ' ಅಂದ್ರು. ಅದು ನಿಮ್ಮ ಸ್ವರ ಅಲ್ಲ. ನಿಮಗೆ ಅಷ್ಟು ಧೈರ್ಯವೂ ಇಲ್ಲ."

ಸುಜಾತ ಸೆರಗು ಸರಿಮಾಡಿಕೊಂಡು, "ಗಡಿಬಿಡಿಯಲ್ಲಿ ಬಾಯಿಗೆ ಬಂತು ಸಾರ್" ಎಂದಳು.

"ಮತ್ತೆ ನನಗೆ ಥ್ಯಾಂಕ್ಸ್ ಹೇಳಿದ್ದು ಯಾಕೆ ಸಾರ್?" ಎಂದು ನಾನು ಕೇಳಿದೆ.

"ಹೇಳಿದ್ರೆ ನೀವು ನಿಜ ಹೇಳ್ತೀರೋ ಅಂತ ನೋಡಿದೆ. ಹೇಳ್ಲಿಲ್ಲ. ಶಾಲು ಹೊದೆಸಿದ್ರೆ ಹೇಳ್ತೀರೋ ಅಂತ ಮತ್ತೊಮ್ಮೆ ನೋಡಿದೆ. ಆಗ್ಲೂ ಹೇಳ್ಲಿಲ್ಲ." ಅಂಗಳದ ಕಡೆ ನೋಡುತ್ತ, "ನನ್ನದೂ ಪೂರ್ತಿ ಸರಿ ಅಲ್ಲ. ನಲವತ್ತು ವರ್ಷ ಆದ ಮೇಲೆ ಒಂದು ಪಾರ್ಟು ಮಾಡಿದೆ. ಅದರಲ್ಲಿ ನಡೀಲಿಕ್ಕೆ ಬಾರದೆ ಬಿದ್ದೆ, ಟೈಲರಿಂಗಿನವರು ಎತ್ತಿ ನಿಲ್ಲಿಸಿದ್ರು ಅಂತ ಮೈಕಿನಲ್ಲಿ ಹೇಳ್ಲಿಕ್ಕೆ ನನ್ನಿಂದಲೂ ಆಗ್ಲಿಲ್ಲ" ಎಂದರು. ಆಮೇಲೆ ಸುಜಾತಳ ಕಡೆ ತಿರುಗಿ, ಎದ್ದು ನಿಂತು, ಎರಡೂ ಕೈ ಜೋಡಿಸಿದರು. ಅವಳು ಗಾಬರಿಯಾಗಿ ತಾನೂ ಎದ್ದಳು. ಚೀಲದಿಂದ ನಾನು ಶಾಲು ತೆಗೆದುಕೊಟ್ಟೆ. ರಾಯರು ಅದನ್ನು ಅವಳ ಹೆಗಲಿಗೆ ಹೊದೆಸಿದರು. ಅವರ ಹೆಂಡತಿ ಒಳಗಿನಿಂದ ಬಂದು ಅದನ್ನು ನೋಡಿ, ಸಮಾರಂಭ ಇನ್ನೂ ಮುಗಿಯಲಿಲ್ಲವೇ ಎಂದು ಕೇಳಿದರು.

ಹಿಂದಿರುಗಿ ಬರುವಾಗ ಬಸ್ಸು ತುಂಬಿತ್ತು. ಸೆಕೆ ಎಂದು ಸುಜಾತ ಶಾಲನ್ನು ಮಡಚಿ ನನ್ನ ಕೈಗೆ ಕೊಟ್ಟು, ಸೀಟು ಸಿಕ್ಕಲ್ಲಿ ಕುಳಿತಳು. ನಾನು ಅರ್ಧ ದಾರಿ ನಿಂತು, ಆಮೇಲೆ ಹಿಂದಿನ ಸೀಟೊಂದರಲ್ಲಿ ಕುಳಿತೆ. ಎದೆ ಹಗುರವಾಗಿತ್ತು. ಮನುಷ್ಯ ನಿಜ ಹೇಳಿಬಿಟ್ಟರೆ ಅರ್ಧ ಧೈರ್ಯವಂತನಾದ ಹಾಗೆಯೇ, ಉಳಿದರ್ಧ ನಿಧಾನವಾಗಿ ಬಂದೀತು, ಇನ್ನು ಮುಂದೆ ಇವಳನ್ನೂ ಇವಳದ್ದೆಲ್ಲವನ್ನೂ ಕಾಯುವವನು ನಾನೇ, ಎಂದೆಲ್ಲ ಯೋಚಿಸುತ್ತ ಬಂದೆ. ಪೇಟೆಯಲ್ಲಿ ಬಸ್ಸು ಬದಲಿಸಿದೆವು. ಉರ್ವದಲ್ಲಿ ಇಳಿದು, ಬಸ್ಸು ಮುಂದೆ ಹೋದ ಮೇಲೆ ನೋಡಿದರೆ ನನ್ನ ಎರಡೂ ಕೈ ಖಾಲಿಯಿದ್ದವು. ನಾನು ರಸ್ತೆಯಲ್ಲೇ ನಿಂತೆ. ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ ಕೂಡ. ಸುಜಾತ ಕರೆದಳು.

"ಎಲ್ಲಿಗೆ ಹೋಗುವುದು ಮಾರಾಯ್ರೆ? ಶಾಲು ನನ್ನ ಚೀಲದಲ್ಲಿ ಉಂಟು. ಮೊದಲಿನ ಬಸ್ಸಿನ ಸೀಟಿನಲ್ಲಿ ಇಟ್ಟು ಇಳ್ದಿದ್ರಿ."